ಮೂರು ತಿಂಗಳಿಂದ ಒಂದೂ ತಪ್ಪು ವರದಿಯಾಗಿಲ್ಲ – ಖುಷಿಪಡಬೇಕಾ, ಹೆದರಬೇಕಾ?

ಹದಿನೆಂಟು ಫೈಲು:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಎರಡು ತಿಂಗಳ ಹಿಂದೆ ನನ್ನನ್ನು ಕ್ವಾಲಿಟಿ ವಿಭಾಗಕ್ಕೆ ಹಾಕಿದರು. 200 ಹಾಸಿಗೆಯ ಆಸ್ಪತ್ರೆ. ವಿಭಾಗ ಅಂದರೆ ನಾನು, ಒಂದು ಕಂಪ್ಯೂಟರ್, ಹದಿನೆಂಟು ಫೈಲು.

ಮೊನ್ನೆ ತಿಂಗಳ ಮೀಟಿಂಗಿನಲ್ಲಿ ಒಂದು ಸ್ಲೈಡ್ ಬಂತು. "ಘಟನಾ ವರದಿಗಳು: 0". ಸತತ ಮೂರನೇ ತಿಂಗಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಏನು ಮಾಡಲಿ.

ಆದರೆ ಆ ಮೂರರಲ್ಲಿ ಮೊದಲ ತಿಂಗಳು ನಾನೇ ವಾರ್ಡಿನಲ್ಲಿದ್ದೆ. ಒಬ್ಬರು ಅಜ್ಜ ಬಾತ್‌ರೂಮಿಗೆ ಹೋಗುವಾಗ ಬಿದ್ದದ್ದು ಗೊತ್ತು. ಒಂದು ರಕ್ತದ ಸ್ಯಾಂಪಲ್ಲಿಗೆ ಪಕ್ಕದ ಬೆಡ್ಡಿನವರ ಲೇಬಲ್ ಅಂಟಿದ್ದು, ಲ್ಯಾಬಿನವರು ಅನುಮಾನ ಬಂದು ಫೋನ್ ಮಾಡಿದ್ದು, ಮತ್ತೆ ರಕ್ತ ತೆಗೆದು ಕಳಿಸಿದ್ದೂ ಗೊತ್ತು. ಎರಡೂ ಎಲ್ಲೂ ಬರೆದಿಲ್ಲ. ಆ ಲೇಬಲ್ ಅಂಟಿಸಿದವಳು ನಾನೇ.

ಆಮೇಲೆ ಘಟನಾ ವರದಿಯ ಫಾರಂ ತೆಗೆದು ನೋಡಿದೆ. ನಾಲ್ಕು ಪುಟ. ಮೊದಲ ಕಾಲಂ "ತಪ್ಪು ಮಾಡಿದವರ ಹೆಸರು ಮತ್ತು ಹುದ್ದೆ". ಕೊನೆಯ ಕಾಲಂ "ಕೈಗೊಂಡ ಶಿಸ್ತುಕ್ರಮ". ಏನಾಯಿತು ಅಂತ ಬರೆಯೋಕೆ ನಡುವೆ ಎರಡು ಗೆರೆಯಷ್ಟು ಜಾಗ.

ನನ್ನ ಪ್ರಶ್ನೆ ಇಷ್ಟೇ. ಈ ಸೊನ್ನೆಯನ್ನು ಒಡೆಯೋದು ಹೇಗೆ? ಒಡೆದರೆ ಮೇಲಿನವರು ನನ್ನನ್ನು ಸುಮ್ಮನೆ ಬಿಡ್ತಾರಾ?

ರಾತ್ರಿಪಾಳಿ:

ಅಕ್ಕ, ಸೊನ್ನೆ ಅಂದರೆ ಯಾರೂ ಬಾಯಿ ಬಿಡುತ್ತಿಲ್ಲ ಅಂತ ಅರ್ಥ. ಅಷ್ಟೇ.

ನನ್ನದೊಂದು ಹೇಳುತ್ತೇನೆ. ನಮ್ಮ ವಾರ್ಡಿನ ಔಷಧಿ ರೂಮಿನ ಬಲ್ಬು ಹೋಗಿ ಮೂರು ವಾರ ಆಗಿತ್ತು. ರಾತ್ರಿ ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಸೀಸೆ) ಹುಡುಕುತ್ತಿದ್ದೆವು. ಸೆಲೈನ್ ಆಂಪೂಲೂ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲೂ ಒಂದೇ ಟ್ರೇ, ಅಕ್ಕಪಕ್ಕದ ಖಾನೆ. ಒಂದೇ ಸೈಜು, ಒಳಗೆ ಇರೋದು ನೀರಿನಂಥದ್ದೇ. ಡ್ರಿಪ್ ಲೈನ್ ಫ್ಲಶ್ ಮಾಡೋಕೆ ಅಂತ ಒಂದು ಒಡೆದು ಸಿರಿಂಜಿಗೆ ಎಳೆದೆ. ರೂಮಿನಿಂದ ಕಾರಿಡಾರಿನ ಬೆಳಕಿಗೆ ಬಂದಾಗ ಕೈಯಲ್ಲಿದ್ದ ಖಾಲಿ ಆಂಪೂಲಿನ ಮೇಲೆ ಕಣ್ಣು ಬಿತ್ತು. ಪೊಟ್ಯಾಸಿಯಂ. ನೇರವಾಗಿ ರಕ್ತನಾಳಕ್ಕೆ ಒತ್ತಿದ್ದರೆ ಹೃದಯ ನಿಲ್ಲುತ್ತಿತ್ತು. ಸಿಂಕಿಗೆ ಚೆಲ್ಲಿದೆ. ಐದು ನಿಮಿಷ ಅಲ್ಲೇ ಗೋಡೆಗೆ ಒರಗಿ ನಿಂತೆ. ಆಮೇಲೆ ಹೋಗಿ ಸೆಲೈನ್ ಕೊಟ್ಟೆ.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮೆಮೊ ಬರುತ್ತಿತ್ತು, ಬಲ್ಬು ಬರುತ್ತಿರಲಿಲ್ಲ.

ಮಾತ್ರೆ ಡಬ್ಬಿ:

ರಾತ್ರಿಪಾಳಿಯವರೇ, ಓದಿ ಮೈ ಜುಂ ಅಂತು. ನಾನು ಆಸ್ಪತ್ರೆ ಫಾರ್ಮಸಿಯವನು. ಬೆರೆಸಿ ತೆಳುಮಾಡದ ಪೊಟ್ಯಾಸಿಯಂ ಕ್ಲೋರೈಡ್ ದ್ರವ ವಾರ್ಡಿನ ಟ್ರೇಯಲ್ಲಿ ಇರಲೇಬಾರದು. ಇದೇನು ಹೊಸ ಸಂಗತಿಯಲ್ಲ, 1990ರ ದಶಕದಿಂದಲೇ ಬೇರೆಬೇರೆ ದೇಶಗಳಲ್ಲಿ ಅದನ್ನು ವಾರ್ಡಿನಿಂದ ಎತ್ತಿಸುತ್ತಾ ಬಂದಿದ್ದಾರೆ. ಬೇಕಿದ್ದರೆ ಮೊದಲೇ ಬೆರೆಸಿದ ಬಾಟಲಿ ತರಿಸಿಕೊಳ್ಳಬೇಕು. ತೀರಾ ಬೇಕಾಗುವ ಐಸಿಯುನಂಥ ಕಡೆ ಬೇರೆ ಕಪಾಟು, ಬೀಗ, ಕೆಂಪು ಲೇಬಲ್.

"ಹುಷಾರಾಗಿ ನೋಡಿ ಕೊಡಿ" ಅಂತ ಬೋರ್ಡು ಹಾಕೋದಕ್ಕೂ ಆ ಆಂಪೂಲನ್ನು ರೂಮಿನಿಂದಲೇ ತೆಗೆದುಬಿಡೋದಕ್ಕೂ ಅಜಗಜಾಂತರ. ಬೋರ್ಡು ನಿದ್ದೆಗಣ್ಣಿಗೆ ಕಾಣಲ್ಲ. ಇಲ್ಲದ ಆಂಪೂಲನ್ನು ಯಾರೂ ಒಡೆಯಲ್ಲ.

ಇನ್ನೊಂದು ಘಟನೆ ಹೇಳುತ್ತೇನೆ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2002ರಿಂದ ಟೊಯೋಟ ಕಾರ್ಖಾನೆಯ ಪದ್ಧತಿ ಕಲಿತು ಅಳವಡಿಸಿಕೊಂಡ ಆಸ್ಪತ್ರೆ. ಅಲ್ಲಿ ಯಾವ ಕೆಲಸಗಾರ ಬೇಕಾದರೂ "ನಿಲ್ಲಿಸಿ, ಇಲ್ಲೇನೋ ಅಪಾಯ ಇದೆ" ಅನ್ನಬಹುದು. ಇಷ್ಟಿದ್ದೂ 2004ರಲ್ಲಿ ಅಲ್ಲೇ ಒಬ್ಬ ರೋಗಿಗೆ ಎಕ್ಸ್‌ರೇ ಚಿತ್ರದಲ್ಲಿ ರಕ್ತನಾಳ ಕಾಣಲಿ ಅಂತ ಚುಚ್ಚುವ ದ್ರವದ ಬದಲು, ಚರ್ಮ ಒರೆಸುವ ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್ ಚುಚ್ಚಿಬಿಟ್ಟರು. ಎರಡೂ ತಿಳಿ ದ್ರವ, ಪಾತ್ರೆಗೆ ಲೇಬಲ್ ಇರಲಿಲ್ಲ. ರೋಗಿ ತೀರಿಕೊಂಡರು. ಆಸ್ಪತ್ರೆ ಮುಚ್ಚಿಡಲಿಲ್ಲ. ನಮ್ಮದೇ ತಪ್ಪು ಅಂತ ಊರಿಗೆಲ್ಲ ಹೇಳಿ ಕ್ಷಮೆ ಕೇಳಿತು. ಅಷ್ಟು ಪಳಗಿದ ಜಾಗದಲ್ಲೇ ಹೀಗಾಗುತ್ತೆ ಅಂದಮೇಲೆ ಮೂರು ತಿಂಗಳು ಸೊನ್ನೆ ಅನ್ನೋರನ್ನು ನಾನಂತೂ ನಂಬಲ್ಲ.

ದೊಡ್ಡ ರೌಂಡ್ಸ್:

ನಾನು ಸರ್ಜನ್. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಹೆಸರಿನ ಕಾಲಂ ತೆಗೆಯಿರಿ, ಶಿಕ್ಷೆ ಬೇಡ, ಎಲ್ಲ ವ್ಯವಸ್ಥೆಯ ತಪ್ಪು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ವ್ಯವಸ್ಥೆ ಅಂದರೆ ಯಾರು? ಕುಡಿದು ಡ್ಯೂಟಿಗೆ ಬಂದವನದ್ದೂ ವ್ಯವಸ್ಥೆಯ ತಪ್ಪೇ? ನೋಡದೇ ಚಾರ್ಟಿನಲ್ಲಿ ಬಿಪಿ ಬರೆದವರದ್ದು? ಬೆಳಗ್ಗೆ ಎಂಟಕ್ಕೆ ಹೋದರೆ ಹತ್ತು ಗಂಟೆಯ ಬಿಪಿಯೂ ತುಂಬಿರುತ್ತೆ. ನಾನೇ ಕಣ್ಣಾರೆ ಕಂಡಿದ್ದೀನಿ. ಭಯ ಪೂರ್ತಿ ಹೋದರೆ ಕೆಲಸ ಕೆಡುತ್ತೆ.

ರಾತ್ರಿಪಾಳಿ:

ಡಾಕ್ಟ್ರೇ, ಹತ್ತು ಗಂಟೆಯ ಬಿಪಿ ಎಂಟಕ್ಕೇ ಯಾಕೆ ತುಂಬಿತ್ತು ಅಂತ ಯಾವತ್ತಾದರೂ ಕೇಳಿದ್ದೀರಾ? ಬೈದಿರುತ್ತೀರಿ. ಕೇಳಿರಲ್ಲ. ಹತ್ತಕ್ಕೆ ನಿಮ್ಮ ರೌಂಡ್ಸು. ಆಗ ನರ್ಸ್ ಫೈಲು ಹಿಡಿದುಕೊಂಡು ನಿಮ್ಮ ಹಿಂದೆ ಓಡುತ್ತಿರಬೇಕು. 12 ಜನ ರೋಗಿಗಳಿಗೆ ಒಬ್ಬಳು.

ಸುಳ್ಳು ಬಿಪಿ ಸರಿ ಅನ್ನುತ್ತಿಲ್ಲ. ಅದು ತಪ್ಪೇ. ಆದರೆ ಇದನ್ನೂ ನೋಡಿ. ಲಿಂಡಾ ಏಕನ್ ಅನ್ನುವ ಸಂಶೋಧಕಿಯ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿತು. ಆಪರೇಷನ್ ಆದವರಲ್ಲಿ, ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಜಾಸ್ತಿ ಕಂಡಿತ್ತು. ಒಬ್ಬ ರೋಗಿ ಹೆಚ್ಚಿದ್ದಕ್ಕೇ ಇಷ್ಟು. ನೀವು ಹೊಲಿದ ಹೊಟ್ಟೆಯನ್ನು ರಾತ್ರಿಯಿಡೀ ಕಾಯೋರು ನಾವು.

ನಿವೃತ್ತ ಎಂ.ಎಸ್.:

ಇಬ್ಬರೂ ಸ್ವಲ್ಪ ತಡೆಯಿರಿ. ಇಪ್ಪತ್ತು ವರ್ಷ ಮೆಡಿಕಲ್ ಸೂಪರಿಂಟೆಂಡೆಂಟ್ (ಎಂ.ಎಸ್.) ಕುರ್ಚಿಯಲ್ಲಿ ಕೂತಿದ್ದೆ. ಈ ಜಗಳ ನನ್ನ ರೂಮಿನಲ್ಲಿ ವಾರಕ್ಕೊಮ್ಮೆ ಆಗುತ್ತಿತ್ತು.

ಡಾಕ್ಟರ್ ಹೇಳಿದ್ದರಲ್ಲೂ ಹುರುಳಿದೆ. ನಾನು ಮೂರು ಥರ ನೋಡುತ್ತಿದ್ದೆ. ಕೈತಪ್ಪು ಒಂದು. ಗೊತ್ತಿದ್ದೂ ಅಡ್ಡದಾರಿ ಹಿಡಿಯೋದು ಇನ್ನೊಂದು. ರೋಗಿಗೆ ಏನಾದರೂ ಆಗಲಿ ಅನ್ನುವ ಬೇಜವಾಬ್ದಾರಿ ಮೂರನೆಯದು. ಮೊದಲನೆಯವರಿಗೆ ಧೈರ್ಯ ಹೇಳಬೇಕು. ಎರಡನೆಯವರ ಜೊತೆ ಕೂತು, ಅಡ್ಡದಾರಿ ಯಾಕೆ ಹಿಡಿದಿರಿ ಅಂತ ಕೇಳಬೇಕು. ಮೂರನೆಯವರಿಗೆ ಶಿಕ್ಷೆ. ಕುಡಿದು ಬಂದವನು ಮೂರನೆಯವನು. ಬಲ್ಬಿಲ್ಲದ ರೂಮಿನಲ್ಲಿ ಆಂಪೂಲ್ ತಪ್ಪಿ ತೆಗೆದವರು ಮೊದಲನೆಯವರು. ಎಂಟು ಗಂಟೆಗೇ ತುಂಬಿದ ಬಿಪಿ ಎರಡನೆಯದು, ಅಲ್ಲಿ ಕೇಳೋಕೆ ತುಂಬಾ ಇದೆ. ನಾನು ನೋಡಿದ ಮಟ್ಟಿಗೆ ಮೂರನೆಯವರು ಬೆರಳೆಣಿಕೆಯಷ್ಟು. ಅವರಿಗಾಗಿ ಮಾಡಿದ ಫಾರಂ ತಂದು ಎಲ್ಲರ ಕೈಗೂ ಕೊಡುತ್ತೇವೆ. ಅಲ್ಲೇ ಎಡವೋದು.

ಹದಿನೆಂಟು ಫೈಲಿನವರೇ, ನಿಮಗೆ ಕೆಲಸಕ್ಕೆ ಬರುವ ಒಂದು ಸಂಗತಿ. 1990ರ ದಶಕದಲ್ಲಿ ಎಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದುಕೊಂಡು ಹೋದರು. ಲೆಕ್ಕ ತಿರುಗುಮುರುಗಾಗಿ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಜಾಸ್ತಿ! ಕೆದಕಿದಾಗ ಗೊತ್ತಾಗಿದ್ದು, ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಬಚ್ಚಿಡುತ್ತಿರಲಿಲ್ಲ ಅಂತ. ಮುಂದಿನ ಮೀಟಿಂಗಿನಲ್ಲಿ ಈ ಕಥೆ ಹೇಳಿ. ವರದಿಗಳು ಬರುವ ಮೊದಲೇ ಹೇಳಿ. ಬಂದಮೇಲೆ ಹೇಳಿದರೆ ನೆಪ ಹೇಳಿದ ಹಾಗಾಗುತ್ತೆ.

ಬೆಡ್ ಲೆಕ್ಕ:

ಆಪರೇಷನ್ಸ್ ಮ್ಯಾನೇಜರ್ ನಾನು. ಥಿಯೇಟರಿನ ಆಪರೇಷನ್ ಅಲ್ಲ, ಆಸ್ಪತ್ರೆ ನಡೆಸುವ ಆಪರೇಷನ್. ಡಾಕ್ಟರುಗಳು ಬೈಯೋದು ನನ್ನನ್ನೇ.

ವರದಿ, ಫಾರಂ ಎಲ್ಲ ಸರಿ. ಆದರೆ ರೋಗಿಗೆ ಆಸ್ಪತ್ರೆಯ ಗುಣಮಟ್ಟ ಅಂದರೆ ಮುಕ್ಕಾಲು ಪಾಲು ಕಾಯೋದು. ಅದರ ಬಗ್ಗೆ ಇಲ್ಲಿ ಯಾರೂ ಮಾತೇ ಆಡಿಲ್ಲ.

ಒಂದು ದಿನ ಸುಮ್ನೆ ಒಬ್ಬ ರೋಗಿಯ ಡಿಸ್ಚಾರ್ಜಿನ ಹಿಂದೆ ಗಡಿಯಾರ ಹಿಡಿದು ನಡೆದೆ. 9:10ಕ್ಕೆ ಡಾಕ್ಟರು "ಇವತ್ತು ಮನೆಗೆ ಹೋಗಿ" ಅಂದರು. ರೋಗಿಯ ಮನೆಯವರು ಆಗಲೇ ಬ್ಯಾಗು ತುಂಬಿ ಕೂತರು. ಡಿಸ್ಚಾರ್ಜ್ ಸಮ್ಮರಿ ಬರೆಯಬೇಕಾದ ಜೂನಿಯರ್ ಡಾಕ್ಟರು ರೌಂಡ್ಸ್ ಮುಗಿಸಿ ಕೂತದ್ದು 11:25ಕ್ಕೆ. ಬರೆದದ್ದು 14 ನಿಮಿಷ. ಸಹಿಗೆ ಸೀನಿಯರ್ ಬೇಕು, ಅವರು ಥಿಯೇಟರಿನಲ್ಲಿ. 1:05. ಉಳಿದ ಔಷಧಿ ಫಾರ್ಮಸಿಗೆ ವಾಪಸ್, ಅದಕ್ಕೆ ವಾರ್ಡ್ ಬಾಯ್ ಬೇಕು, ಅವನು ಎಕ್ಸ್‌ರೇಗೆ ಹೋಗಿದ್ದ. 1:50. ಬಿಲ್ಲು 2:40. ವೀಲ್‌ಚೇರ್ 3:05. ರೋಗಿ ಗೇಟು ದಾಟಿದ್ದು 3:20ಕ್ಕೆ.

ಆರು ಗಂಟೆ ಹತ್ತು ನಿಮಿಷ. ಎಲ್ಲರ ಕೆಲಸವನ್ನೂ ಕೂಡಿಸಿದೆ. 52 ನಿಮಿಷ. ಉಳಿದದ್ದೆಲ್ಲ ಕಾಗದ ಯಾರದ್ದೋ ಮೇಜಿನ ಮೇಲೆ ಮಲಗಿದ್ದ ಹೊತ್ತು. ಅಷ್ಟೂ ಹೊತ್ತು ಕೆಳಗೆ ತುರ್ತು ವಿಭಾಗದಲ್ಲಿ ಇನ್ನೊಬ್ಬರು ಸ್ಟ್ರೆಚರ್ ಮೇಲೆ ಬೆಡ್ಡಿಗಾಗಿ ಕಾಯುತ್ತಿದ್ದರು. ಯಾರೂ ಸೋಮಾರಿಯಲ್ಲ, ನೋಡಿ. ಎಲ್ಲರೂ ಓಡುತ್ತಲೇ ಇದ್ದರು. ಕಾಗದ ಮಾತ್ರ ಓಡಲಿಲ್ಲ.

ಲೆಕ್ಕ ಸರಳ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ. ಒಳಗಿರುವವರ ಸರಾಸರಿ ಸಂಖ್ಯೆ ಅಂದರೆ, ಬರುವವರ ವೇಗ ಗುಣಿಸು ಒಬ್ಬರು ಇರುವ ಹೊತ್ತು. ದಿನಕ್ಕೆ 40 ಜನ ಸೇರಿ, ತಲಾ 5 ದಿನ ಇದ್ದರೆ 200 ಬೆಡ್ ಭರ್ತಿ. ಪ್ರತಿ ಡಿಸ್ಚಾರ್ಜಿನಲ್ಲೂ 5 ಗಂಟೆ ಉಳಿಸಿದರೆ ಸುಮಾರು 8 ಬೆಡ್ ಸಿಕ್ಕ ಹಾಗೆ. ಒಂದು ಇಟ್ಟಿಗೆಯನ್ನೂ ಇಡದೆ.

ನಾವು ಮಾಡಿದ್ದು ಎರಡೇ. ನಾಳೆ ಯಾರು ಹೋಗಬಹುದು ಅಂತ ಹಿಂದಿನ ಸಂಜೆ ನಾಲ್ಕಕ್ಕೇ ಪಟ್ಟಿ ಮಾಡಿ, ಸಮ್ಮರಿಯನ್ನು ರಾತ್ರಿಯೇ ಬರೆದಿಡೋದು. ಬೆಳಗಿನ ರೌಂಡ್ಸನ್ನು ಮೊದಲು ಮನೆಗೆ ಹೋಗುವವರ ಬೆಡ್ಡಿನಿಂದ ಶುರು ಮಾಡೋದು. ಎರಡನೆಯದಕ್ಕೆ ಡಾಕ್ಟರುಗಳನ್ನು ಒಪ್ಪಿಸೋಕೆ ನಾಲ್ಕು ತಿಂಗಳು ಹಿಡೀತು. ಕಾರಣ ಕೇಳಿದರೆ, ಒಂದನೇ ಬೆಡ್ಡಿನಿಂದಲೇ ಶುರು ಮಾಡೋ ಅಭ್ಯಾಸವಂತೆ.

ದೊಡ್ಡ ರೌಂಡ್ಸ್:

ಕೊನೆಯ ಸಾಲು ನನಗೇ ಹೇಳಿದ ಹಾಗಿದೆ. ನಾನೂ ಒಂದನೇ ಬೆಡ್ಡಿನಿಂದಲೇ ಶುರು ಮಾಡೋದು.

ಆದರೆ ಒಂದು ಎಚ್ಚರಿಕೆ. ಹೊತ್ತಿಗೆ ಗುರಿ ಇಟ್ಟರೆ ಜನ ಹೊತ್ತನ್ನೇ ಆಡಿಸುತ್ತಾರೆ. ಇಂಗ್ಲೆಂಡಿನಲ್ಲಿ ತುರ್ತು ವಿಭಾಗಕ್ಕೆ ಬಂದವರನ್ನು 4 ಗಂಟೆಯೊಳಗೆ ವಾರ್ಡಿಗೋ ಮನೆಗೋ ಕಳಿಸಬೇಕು ಅಂತ ಗುರಿ ತಂದರು. ಕಾಯುವುದು ನಿಜವಾಗಿಯೂ ಕಮ್ಮಿಯಾಯಿತು, ಅದನ್ನು ಒಪ್ಪಬೇಕು. ಆದರೆ ಯಾವ ಹೊತ್ತಿಗೆ ಎಷ್ಟು ಜನ ಅಲ್ಲಿಂದ ಹೊರಬಿದ್ದರು ಅನ್ನುವ ಗ್ರಾಫ್ ನೋಡಿದರೆ ನಾಲ್ಕನೇ ಗಂಟೆ ಮುಗಿಯುವ ಕೊನೆಯ ಕೆಲವು ನಿಮಿಷಗಳಲ್ಲಿ ಒಂದು ದೊಡ್ಡ ಗುಡ್ಡ. ಅಷ್ಟೊಂದು ಜನರ ಕಾಯಿಲೆ ಸರಿಯಾಗಿ ಅದೇ ಹೊತ್ತಿಗೆ ತೀರ್ಮಾನಕ್ಕೆ ಬಂತಾ? ಗಡಿಯಾರಕ್ಕಾಗಿ ವಾರ್ಡಿಗೆ ತಳ್ಳಿದ್ದು.

ಅದೇ ದೇಶದ ಮಿಡ್ ಸ್ಟ್ಯಾಫರ್ಡ್‌ಶೈರ್ ಆಸ್ಪತ್ರೆ ಸಂಸ್ಥೆಯ ವಿಷಯ ಇನ್ನೂ ಕೆಟ್ಟದ್ದು. 2013ರಲ್ಲಿ ಬಂದ ವಿಚಾರಣಾ ವರದಿಯ ಪ್ರಕಾರ, ಆಡಳಿತ ಮಂಡಳಿ ಗುರಿಗಳು ಮತ್ತು ಹಣದ ಲೆಕ್ಕದ ಹಿಂದೆ ಬಿದ್ದಿತ್ತು, ವಾರ್ಡಿನಲ್ಲಿ ರೋಗಿಗಳಿಗೆ ನೀರು ಕೊಡುವವರೂ ಇರಲಿಲ್ಲ. 290 ಶಿಫಾರಸು ಬರೆಯಬೇಕಾಯಿತು. ನಿಮ್ಮ 8 ಬೆಡ್ ಲೆಕ್ಕ ಸರಿಯೇ ಸರ್. ಆದರೆ ಮನೆಗೆ ಹೋದವರಲ್ಲಿ ಎಷ್ಟು ಜನ ವಾರದೊಳಗೆ ವಾಪಸ್ ಬಂದರು ಅನ್ನೋದನ್ನೂ ಪಕ್ಕದಲ್ಲೇ ಬರೆಯಿರಿ.

ಬೆಡ್ ಲೆಕ್ಕ:

ಬರೆಯುತ್ತಿಲ್ಲ. ಇವತ್ತಿನಿಂದ ಬರೆಯುತ್ತೇನೆ. ನಿಜವಾಗಿ.

ಥಿಯೇಟರ್ ಮೂಲೆ:

ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ನಾನು. ಇಷ್ಟು ಹೊತ್ತು ಓದುತ್ತಾ ಕೂತಿದ್ದೆ.

ಆಡಿಸೋದು ಅಂದಿರಲ್ಲ, ನಮ್ಮ ಚೆಕ್‌ಲಿಸ್ಟಿನ ಕಥೆ ಕೇಳಿ. ಆಪರೇಷನ್ನಿಗೆ ಮುಂಚೆ ಮತ್ತು ಮುಗಿದಮೇಲೆ ಓದಬೇಕಾದ ಹಾಳೆ. ರೋಗಿ ಯಾರು, ಯಾವ ಬದಿ, ಅಲರ್ಜಿ ಇದೆಯಾ, ಆಂಟಿಬಯೋಟಿಕ್ ಕೊಟ್ಟಾಯಿತಾ, ರಕ್ತ ಇದೆಯಾ. ವಿಶ್ವ ಆರೋಗ್ಯ ಸಂಸ್ಥೆಯದ್ದು, 19 ಅಂಶ. 8 ಊರಿನ 8 ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು ಅಂತ 2009ರಲ್ಲಿ ಬಂತು. ನಮ್ಮಲ್ಲೂ ತಂದರು. ಲ್ಯಾಮಿನೇಟ್ ಮಾಡಿ ಗೋಡೆಗೂ ಅಂಟಿಸಿದರು.

ಈಗ ಏನಾಗಿದೆ ಗೊತ್ತಾ? ಬೆಳಗ್ಗೆ ಏಳೂವರೆಗೆ ಆ ದಿನದ ಒಂಬತ್ತು ಕೇಸಿನ ಹಾಳೆಗಳೂ ಟಿಕ್ ಆಗಿರುತ್ತವೆ. ಸಂಜೆಯ ರೋಗಿ ಇನ್ನೂ ಮನೆಯಿಂದಲೇ ಹೊರಟಿರಲ್ಲ, ಅವರ "ಹತ್ತಿ, ಸೂಜಿ ಎಣಿಕೆ ಸರಿಯಿದೆ" ಅಂತ ಟಿಕ್. ಆಡಿಟ್‌ನಲ್ಲಿ ನಾವು 100ಕ್ಕೆ 100.

ಕೆನಡಾದ ಆಂಟೇರಿಯೋದಲ್ಲಿ ಸರ್ಕಾರವೇ ಒತ್ತಾಯ ಮಾಡಿ 101 ಆಸ್ಪತ್ರೆಗಳಲ್ಲಿ ಚೆಕ್‌ಲಿಸ್ಟ್ ತಂದಮೇಲೆ ನೋಡಿದರೆ, ಸಾವಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. 2014ರಲ್ಲಿ ಪ್ರಕಟವಾದದ್ದು. ಅದನ್ನು ಓದಿ ಕೆಲವರು ಚೆಕ್‌ಲಿಸ್ಟೇ ದಂಡ ಅಂದರು. ನನಗೆ ಹಾಗನ್ನಿಸಲ್ಲ. ಹಾಳೆ ಕಳಿಸಬಹುದು, ಓದಿ ನಿಲ್ಲುವ ಒಂದು ನಿಮಿಷವನ್ನು ಕಳಿಸೋಕೆ ಆಗಲ್ಲ.

ನಮ್ಮಲ್ಲಿ ಒಬ್ಬರು ಅನಸ್ತೇಷಿಯಾ ಮೇಡಂ ಇದ್ದಾರೆ. ಅವರು ಹಾಳೆ ಮುಟ್ಟಲ್ಲ. ಸರ್ಜನ್ ಚಾಕು ಕೇಳುವ ಮೊದಲು "ಎಲ್ಲರೂ ಒಂದ್ನಿಮಿಷ" ಅಂತಾರೆ. ಹಾಡು ಆಫ್. ಮೂಲೆಯಲ್ಲಿರೋ ನನ್ನ ಕಡೆ ತಿರುಗಿ "ನೀವು ಹೇಳಿ, ಯಾವ ಕಾಲು?" ಅಂತಾರೆ. ಮೊದಲ ಸಲ ಕೇಳಿದಾಗ ನನಗೆ ದನಿಯೇ ಹೊರಡಲಿಲ್ಲ. ಎಂಟು ವರ್ಷದಲ್ಲಿ ಥಿಯೇಟರಿನಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಈಗ ಅವರ ಲಿಸ್ಟ್ ಇದ್ದ ದಿನ ನಾನು ಮೊದಲೇ ಎಕ್ಸ್‌ರೇ ನೋಡಿಕೊಂಡು ನಿಂತಿರುತ್ತೇನೆ. ಬೇರೆಯವರ ದಿನ? ಇಲ್ಲ, ನಿಜ ಹೇಳಬೇಕಲ್ಲ.

ಮಾತ್ರೆ ಡಬ್ಬಿ:

ಇದಕ್ಕೇ ಸೇರಿಸುತ್ತೇನೆ. ಮಿಷಿಗನ್‌ನ ಐಸಿಯುಗಳ ಕೆಲಸವನ್ನೂ ಬರೀ ಚೆಕ್‌ಲಿಸ್ಟ್ ಅಂತಲೇ ಹೇಳುತ್ತಾರೆ. ಅಮೆರಿಕದ ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ತಂಡ, 103 ಐಸಿಯು, 2006ರಲ್ಲಿ ಪ್ರಕಟ. ಕುತ್ತಿಗೆ, ಎದೆಯ ದೊಡ್ಡ ನಾಳಕ್ಕೆ ಹಾಕುವ ಲೈನಿನಿಂದ (ಸಣ್ಣ ನಳಿಕೆಯಿಂದ) ರಕ್ತಕ್ಕೆ ಸೋಂಕು ತಗಲದ ಹಾಗೆ ಐದೇ ಐದು ಕೆಲಸ. ಕೈ ತೊಳೆ, ರೋಗಿಯನ್ನು ಪೂರ್ತಿ ಸ್ಟೆರೈಲ್ ಬಟ್ಟೆಯಿಂದ ಮುಚ್ಚು, ಕ್ಲೋರ್‌ಹೆಕ್ಸಿಡಿನ್ ಹಚ್ಚು, ತೊಡೆಸಂದಿನ ನಾಳ ಆದಷ್ಟೂ ಬೇಡ, ಬೇಡವಾದ ಲೈನ್ ತೆಗೆ. ಸಾವಿರ ಲೈನ್-ದಿನಕ್ಕೆ (ಒಂದು ಲೈನ್ ಒಂದು ದಿನ ಇದ್ದರೆ ಒಂದು ಲೈನ್-ದಿನ) 2.7 ಇದ್ದ ಸೋಂಕಿನ ಮಧ್ಯಾಂಕ, ಅಂದರೆ ಐಸಿಯುಗಳನ್ನು ಸಾಲಾಗಿಟ್ಟರೆ ನಟ್ಟನಡುವಿನದರ ಪ್ರಮಾಣ, ಮೂರು ತಿಂಗಳಲ್ಲಿ ಸೊನ್ನೆಗೆ ಬಂತು.

ಈ ಐದರಲ್ಲಿ ಡಾಕ್ಟರಿಗೆ ಗೊತ್ತಿಲ್ಲದ್ದು ಯಾವುದಿತ್ತು? ಒಂದೂ ಇಲ್ಲ. ಬದಲಾಗಿದ್ದು ಎರಡು. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿಟ್ಟರು. ಇನ್ನೊಂದು, ಡಾಕ್ಟರು ಒಂದು ಹೆಜ್ಜೆ ಬಿಟ್ಟರೆ ನರ್ಸ್ "ನಿಲ್ಲಿಸಿ" ಅನ್ನಬಹುದು, ಮೇಲಿನವರು ನರ್ಸ್ ಬೆನ್ನಿಗೆ ನಿಲ್ಲುತ್ತಾರೆ. ಈ ಎರಡನೆಯದನ್ನು ಬಿಟ್ಟು ಬರೀ ಗಾಡಿ ಖರೀದಿ ಮಾಡಿದ ಜಾಗ ನಾನು ನೋಡಿದ್ದೇನೆ. ಗಾಡಿ ಈಗ ಟವೆಲ್ ಇಡೋಕೆ.

ಹಾಸಿಗೆ ಪಕ್ಕದ ಸ್ಟೂಲ್:

ನಾನು ನಿಮ್ಮ ಕಡೆಯವಳಲ್ಲ. ಅಮ್ಮನ ಜೊತೆ 23 ದಿನ ಆಸ್ಪತ್ರೆಯಲ್ಲಿದ್ದೆ. ಬರೆಯಬಹುದೋ ಇಲ್ಲವೋ ಅಂತ ಹಿಂದೆಮುಂದೆ ನೋಡುತ್ತಿದ್ದೆ.

ಅಮ್ಮನಿಗೆ ಒಂದು ಔಷಧಿ ಆಗಲ್ಲ, ಮೈಯೆಲ್ಲ ದದ್ದು ಬರುತ್ತೆ. ಅದನ್ನು ಎಷ್ಟು ಜನರಿಗೆ ಹೇಳಿದೆ ಅಂತ ಎಣಿಸಿದೆ. ಹನ್ನೊಂದು. ಹನ್ನೊಂದನೆಯವರು "ಮೊದಲೇ ಹೇಳಬೇಕಿತ್ತಲ್ವಾ" ಅಂದರು. ಕೊನೆಗೆ ಒಂದು ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ ಬರೆದು ತಲೆದಿಂಬಿನ ಹಿಂದಿನ ಕಂಬಿಗೆ ಕಟ್ಟಿದೆ. ಮಾರನೇ ದಿನ ಗುಡಿಸುವವರು ತೆಗೆದಿದ್ದರು. ಯಾರೋ ದೊಡ್ಡವರು ವಿಸಿಟ್ ಬರುತ್ತಾರೆ, ವಾರ್ಡ್ ನೀಟಾಗಿ ಇರಬೇಕು ಅಂತ.

ಪಾಳಿ ಬದಲಾಗುವಾಗ ನರ್ಸ್‌ಗಳು ಕಾರಿಡಾರಿನಲ್ಲಿ ನಿಂತು ಪಿಸುಗುಟ್ಟಿಕೊಂಡು ವಿಷಯ ದಾಟಿಸುತ್ತಾರೆ. ನನ್ನ ಅಮ್ಮನ ಬಗ್ಗೆ, ಆದರೆ ನನಗೂ ಅಮ್ಮನಿಗೂ ಕೇಳದ ಹಾಗೆ. ಒಂದು ದಿನ ಮಾತ್ರ ಒಬ್ಬರು ಸಿಸ್ಟರ್ ಬೆಡ್ಡಿನ ಹತ್ತಿರವೇ ಬಂದು ಮುಂದಿನ ಪಾಳಿಯವರಿಗೆ ಹೇಳಿದರು. "ರಾತ್ರಿ ಎರಡು ಸಲ ವಾಂತಿ" ಅಂದರು. ಅಮ್ಮ ಕಣ್ಣು ತೆರೆದು "ಮೂರು" ಅಂದರು. ಅಷ್ಟೇ. ಅಂಥದ್ದು ಮತ್ತೆ ಆಗಲಿಲ್ಲ.

ಡಾಕ್ಟರೊಬ್ಬರು ಪಕ್ಕದ ಬೆಡ್ಡಿನ ಗಾಯ ಮುಟ್ಟಿ ಹಾಗೇ ಅಮ್ಮನ ಹತ್ತಿರ ಬಂದರು. ಕಾಲ ಬುಡದಲ್ಲೇ ಸ್ಯಾನಿಟೈಸರ್ ಬಾಟಲಿ. "ಕೈ ಒರೆಸಿಕೊಳ್ಳಿ ಸರ್" ಅನ್ನೋಕೆ ಬಾಯಿ ಬರಲಿಲ್ಲ. ಆಮೇಲೆ ಅಮ್ಮನನ್ನು ನೋಡಿಕೊಳ್ಳೋದು ಇವರೇ ತಾನೇ, ಕೋಪ ಮಾಡಿಕೊಂಡರೆ? ನಿಮ್ಮ ಫಾರಂನಲ್ಲಿ ನಾವು ಬರೆಯೋಕೆ ಜಾಗ ಇದೆಯಾ?

ಹದಿನೆಂಟು ಫೈಲು:

ಇಲ್ಲ. ಯೋಚನೆಗೂ ಬಂದಿರಲಿಲ್ಲ.

ನಿವೃತ್ತ ಎಂ.ಎಸ್.:

ಸ್ಟೂಲ್ ಅವರೇ, ನೀವು ಬರೆದದ್ದು ಒಳ್ಳೆಯದಾಯಿತು ತಾಯಿ.

ಕೈ ತೊಳೆಯುವ ಮಾತು ಬಂದಿದ್ದರಿಂದ ಒಂದು ಹಳೆಯ ಕಥೆ. 1847, ವಿಯೆನ್ನಾದ ಹೆರಿಗೆ ಆಸ್ಪತ್ರೆ. ಹೆಣ ಕೊಯ್ದ ಕೈಯಲ್ಲೇ ಡಾಕ್ಟರುಗಳು ಹೆರಿಗೆಗೆ ಬರುತ್ತಾರೆ, ಬಾಣಂತಿಯರು ಜ್ವರ ಬಂದು ಸಾಯುತ್ತಿರೋದು ಅದರಿಂದ ಅಂತ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ್ ಕಂಡುಕೊಂಡ. ಮೇ ತಿಂಗಳಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಲು ಶುರು ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18 ಸಾವು, ಜೂನಿನಲ್ಲಿ 2. ಇಷ್ಟು ಗಟ್ಟಿ ಲೆಕ್ಕ ಕೈಯಲ್ಲಿತ್ತು. ಆದರೂ ದೊಡ್ಡವರು ಒಪ್ಪಲಿಲ್ಲ. ಸ್ವಲ್ಪ ಸಮಯಕ್ಕೆ ಅವನ ಕೆಲಸವೇ ಹೋಯಿತು. ವರ್ಷಗಳ ಮೇಲೆ ಒಪ್ಪದವರಿಗೆಲ್ಲ ಬಹಿರಂಗ ಪತ್ರ ಬರೆದು ಕೊಲೆಗಾರರು ಅಂದ. ಬೈಸಿಕೊಂಡವರು ಕೈ ತೊಳೆದರಾ? ಇಲ್ಲ, ಇನ್ನಷ್ಟು ಬಿಗಿಯಾದರು.

ನಾನು ಈ ಕಥೆಯನ್ನು ಕೈ ತೊಳೆಯೋದರ ಬಗ್ಗೆ ಹೇಳುತ್ತಿಲ್ಲ. ಹದಿನೆಂಟು ಫೈಲಿನವರಿಗೆ ಹೇಳುತ್ತಿದ್ದೇನೆ. ಲೆಕ್ಕ ನಿಮ್ಮ ಕಡೆ ಇದ್ದ ಮಾತ್ರಕ್ಕೆ ಜನ ನಿಮ್ಮ ಕಡೆ ಬರಲ್ಲ. ಮೊದಲ ವರದಿ ಹಾಕುವವರು ಯಾರು ಅನ್ನೋದು ಮುಖ್ಯ. ಕೆಳಗಿನವರ ಕೈಲಿ ಹಾಕಿಸಬೇಡಿ.

ಹದಿನೆಂಟು ಫೈಲು (ಏಳು ವಾರದ ನಂತರ):

ಏನಾಯಿತು ಅಂತ ಹೇಳುತ್ತೇನೆ ಅಂದಿದ್ದೆ ಕೆಲವರಿಗೆ. ತಡವಾಯಿತು, ಕ್ಷಮಿಸಿ.

ಫಾರಂ ಈಗ ಅರ್ಧ ಹಾಳೆ. ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಮತ್ತೆ ಆಗದ ಹಾಗೆ ಏನು ಮಾಡಬಹುದು. ಹೆಸರಿಲ್ಲ. ರೋಗಿಯ ಕಡೆಯವರಿಗೂ ಅದೇ ಹಾಳೆ, ಬೆಡ್ಡಿನ ಪಕ್ಕ ನೇತುಹಾಕಿದ್ದೇವೆ. ಅಲರ್ಜಿಯ ಚೀಟಿಗೆ ತಲೆಯ ಹತ್ತಿರ ಒಂದು ಪ್ಲಾಸ್ಟಿಕ್ ಜೇಬು ಮಾಡಿಸಿದ್ದೇವೆ. ಅದನ್ನು ಯಾರೂ ತೆಗೆಯುವ ಹಾಗಿಲ್ಲ, ಯಾವ ವಿಸಿಟ್ ಬಂದರೂ.

ಎಂ.ಎಸ್. ಸರ್ ಹೇಳಿದ ಹಾಗೆ ಮೊದಲ ವರದಿ ನಾನೇ ಹಾಕಿದೆ, ಹೆಸರು ಹಾಕಿಯೇ. ಆ ರಕ್ತದ ಸ್ಯಾಂಪಲ್ಲಿನ ಲೇಬಲ್. ಮೀಟಿಂಗಿನಲ್ಲಿ ನಿಂತು ಓದಿದೆ. ಕೈ ನಡುಗುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾರನೇ ದಿನ ಡಬ್ಬಿಯಲ್ಲಿ ಎರಡು ಹಾಳೆ. ತಿಂಗಳ ಕೊನೆಗೆ 31.

ಮೇಲಿನವರು ಕರೆಸಿದರು. "ನೀವು ಬಂದಮೇಲೆ ತಪ್ಪು ಜಾಸ್ತಿಯಾಯಿತಲ್ಲ?" ಅಂದರು. ಎಡ್ಮಂಡ್ಸನ್ ಕಥೆಯನ್ನು ಮೊದಲೇ ಹೇಳಿಟ್ಟಿದ್ದೆ, ಆದರೂ ಕೇಳಿದರು. ನಾನು 31 ಹಾಳೆಗಳನ್ನೂ ಅವರ ಮೇಜಿನ ಮೇಲೆ ಹರಡಿದೆ. ಅದರಲ್ಲಿ ಏಳು, ರೋಗಿ ಬಿದ್ದದ್ದು. ಏಳರಲ್ಲಿ ಐದು ಬೆಳಗಿನ ಜಾವ 5ರಿಂದ 6ರೊಳಗೆ. ಅವರೇ ಕೇಳಿದರು, ಆ ಹೊತ್ತಿಗೆ ಏನು ನಡೆಯುತ್ತೆ ಅಂತ. ಆ ಹೊತ್ತಿಗೆ ರಾತ್ರಿಯ ಇಬ್ಬರೂ ಸಿಸ್ಟರ್ ರಕ್ತ ತೆಗೆಯೋದರಲ್ಲಿ, ಚಾರ್ಟ್ ಮುಗಿಸೋದರಲ್ಲಿ ಇರುತ್ತಾರೆ. ರೋಗಿಗಳಿಗೆ ಎಚ್ಚರ ಆಗುವುದೂ ಆಗಲೇ, ಬಾತ್‌ರೂಮಿಗೆ ಅವಸರ. ಕರೆದರೆ ಬರುವವರಿಲ್ಲ, ತಾವೇ ಏಳುತ್ತಾರೆ.

ಈಗ ನಾಲ್ಕೂಮುಕ್ಕಾಲಿಗೆ ಒಬ್ಬರು ಪ್ರತಿ ಬೆಡ್ಡಿಗೂ ಹೋಗಿ ಕೇಳುತ್ತಾರೆ, ರಕ್ತ ತೆಗೆಯುವ ಕೆಲಸ ಆರಕ್ಕೆ ಹೋಗಿದೆ. ಲ್ಯಾಬಿನವರು ಗೊಣಗುತ್ತಿದ್ದಾರೆ. ಎರಡು ವಾರ ಅಷ್ಟೇ ಆಗಿರೋದು, ಬೀಳೋದು ನಿಂತಿತು ಅಂತ ಹೇಳೋಕೆ ಇದು ಸಾಲಲ್ಲ. ಡಾಕ್ಟರುಗಳ ಕಡೆಯಿಂದ ಇನ್ನೂ ಒಂದು ಹಾಳೆಯೂ ಬಂದಿಲ್ಲ.

ದೊಡ್ಡ ರೌಂಡ್ಸ್:

ನಮ್ಮಲ್ಲಿ ಮೊನ್ನೆ ಒಂದು ಹಾಕಿದೆ. ನಾಲ್ಕು ಪುಟದ ಹಳೇ ಫಾರಂನಲ್ಲೇ. ಮೊದಲ ಕಾಲಂನಲ್ಲಿ ನನ್ನ ಹೆಸರು ಬರೆಯೋಕೆ ಹತ್ತು ನಿಮಿಷ ಹಿಡೀತು. ನಿಮ್ಮ ಅರ್ಧ ಹಾಳೆಯ ನಮೂನೆ ಇಲ್ಲಿ ಹಾಕ್ತೀರಾ?

ಹಾಸಿಗೆ ಪಕ್ಕದ ಸ್ಟೂಲ್:

ಪ್ಲಾಸ್ಟಿಕ್ ಜೇಬಿನ ವಿಷಯ ಅಮ್ಮನಿಗೆ ಓದಿ ಹೇಳಿದೆ. "ಅದನ್ನು ಸ್ವಲ್ಪ ಕೆಳಗೆ ಹಾಕೋಕೆ ಹೇಳು, ತಲೆಗೆ ತಾಗುತ್ತೆ" ಅಂದರು.

ರಾತ್ರಿಪಾಳಿ:

ನಮ್ಮ ಔಷಧಿ ರೂಮಿನ ಬಲ್ಬು ಮತ್ತೆ ಹೋಗಿದೆ ಅಕ್ಕ. ಈ ಸಲ ಬರೆದು ಹಾಕಿದ್ದೀನಿ.